ತೋಟದ ಮನೆಗೆ ಕಾರ್ ಚಾರ್ಜರ್: ದುಡ್ಡು ಎಲ್ಲೆಲ್ಲಿ ಹೋಯಿತು

ಚಾರ್ಜರ್‌ಗೆ ಅಂತ ನಾನು ಕೊಟ್ಟಿದ್ದು ಸೊನ್ನೆ. ಕಾರಿನ ಜೊತೆ ಬಂದ 3.3 ಕಿಲೋವ್ಯಾಟ್ ಕೇಬಲ್ಲನ್ನೇ ಬಳಸುತ್ತಿದ್ದೇನೆ. ಆದರೂ ಒಟ್ಟು ಖರ್ಚು 48,650 ರೂಪಾಯಿ ಆಯಿತು. ತೀರ್ಥಹಳ್ಳಿ ಕಡೆ ಯಾರಾದರೂ ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆಯಲ್ಲಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಮೊದಲು 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಯಾಕೆ ಬೇಡ ಅಂದೆ ಅಂತ ಹೇಳುತ್ತೇನೆ. ನನ್ನ ಕಾರಿನ ಬ್ಯಾಟರಿ 30 ಯೂನಿಟ್ ಹಿಡಿಯುತ್ತದೆ. ಶಿವಮೊಗ್ಗಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ 120 ಕಿಲೋಮೀಟರ್, ಅದಕ್ಕೆ 18 ಯೂನಿಟ್ ಹಿಡಿಯಿರಿ. 3.3ರಲ್ಲಿ ಆರು ಗಂಟೆ ಸಾಕು. ರಾತ್ರಿ ಹಾಕಿದರೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ತುಂಬಿರುತ್ತದೆ. 7.2 ಅಂದರೆ 32 ಆಂಪ್. ನಮ್ಮ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇರುವುದು ಊರಿನ ಆ ತುದಿಯಲ್ಲಿ, ನಮ್ಮದು ಲೈನಿನ ಕೊನೆಯ ಮನೆ. ಅಡಿಕೆ ಸುಗ್ಗಿಯಲ್ಲಿ ಸಂಜೆ ಎಲ್ಲರ ಮನೆಯಲ್ಲೂ ಸುಲಿಯುವ ಮೆಷಿನ್ ಓಡುತ್ತದೆ. ಆಗ ವೋಲ್ಟೇಜ್ 190 ಇದ್ದರೆ ಪುಣ್ಯ. ಅಂಥಾ ಲೈನಿಂದ 32 ಆಂಪ್ ಎಳೆದರೆ ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ ಅಷ್ಟೆ. ರಾತ್ರಿ ಹನ್ನೊಂದರ ಮೇಲೆ 215 ದಾಟುತ್ತದೆ, ನಾನು ಚಾರ್ಜಿಂಗ್ ಶುರು ಮಾಡುವುದು ಆಗಲೇ. ವೋಲ್ಟೇಜ್ ಕಡಿಮೆ ಇದ್ದಾಗ ಹಾಕಿದರೂ ಕಾರಿಗೆ ಏನೂ ಆಗುವುದಿಲ್ಲ. ಆಂಪ್ ಅಷ್ಟೇ ಇರುತ್ತದೆ, ಹಾಗಾಗಿ ನಿಧಾನವಾಗುತ್ತದೆ. ತೀರಾ ಬಿದ್ದರೆ ತಾನೇ ನಿಲ್ಲುತ್ತದೆ.

ಜಾಸ್ತಿ ದುಡ್ಡು ನುಂಗಿದ್ದು ಕೇಬಲ್. ನಮ್ಮದು ಹಳೇ ಹಂಚಿನ ಮನೆ. ಮೀಟರ್ ಬೋರ್ಡ್ ಜಗಲಿಯಲ್ಲಿ, ಕಾರು ನಿಲ್ಲುವುದು ಅಂಗಳ ದಾಟಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ. ಮಧ್ಯೆ 45 ಮೀಟರ್. ಅಂಗಳದ ಮೇಲಿಂದ ವೈರ್ ಎಳೆಯುವ ಹಾಗಿಲ್ಲ, ಅಡಿಕೆ ಒಣಗಿಸಲು ಚಪ್ಪರ ಹಾಕಬೇಕಲ್ವಾ? ನೆಲದಲ್ಲೇ ಹೋಗಬೇಕು. ನೆಲದಲ್ಲಿ ಹೆಗ್ಗಣದ ಕಾಟ, ಹಾಗಾಗಿ ಉಕ್ಕಿನ ಕವಚ ಇರುವ ಆರ್ಮರ್ಡ್ ಕೇಬಲ್ಲೇ ಆಗಬೇಕು. ಮೂರು ಕೋರಿನ 6 ಸ್ಕ್ವೇರ್ ಎಂಎಂ ತಾಮ್ರ, ಮೀಟರಿಗೆ 430ರಂತೆ 19,350 ರೂಪಾಯಿ.

"ಅಣ್ಣಾ, ಅಲ್ಯೂಮಿನಿಯಂ ಹಾಕಣ, ಅರ್ಧ ದುಡ್ಡಲ್ಲಿ ಮುಗಿಯುತ್ತೆ" ಅಂದ ಎಲೆಕ್ಟ್ರಿಷಿಯನ್. ಅವನು ಹೇಳಿದ್ದು ತಪ್ಪಲ್ಲ. 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಹಾಕಿದರೂ ಕರೆಂಟ್ ಬರುತ್ತದೆ. ಆದರೆ ಅಲ್ಯೂಮಿನಿಯಂ ಕನೆಕ್ಷನ್ ಕಾಲಕ್ರಮೇಣ ಸಡಿಲವಾಗುತ್ತದೆ, ನಮ್ಮ ಥಂಡಿಯಲ್ಲಿ ಪಾಚಿ ಹಿಡಿಯದ ವಸ್ತುವೇ ಇಲ್ಲ. ಆರೇಳು ಗಂಟೆ ಒಂದೇ ಸಮ 14 ಆಂಪ್ ಹರಿಯುವ ಜಾಗದಲ್ಲಿ ಆ ಉಳಿತಾಯ ನನಗೆ ಬೇಡ ಅನಿಸಿತು. ಇನ್ನು ಸಣ್ಣ ವೈರ್ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ಇಷ್ಟು ದೂರಕ್ಕೆ 6 ಸ್ಕ್ವೇರ್ ಎಂಎಂನಲ್ಲಿ ಬೀಳುವುದು ಸುಮಾರು 4 ವೋಲ್ಟ್, 2.5ರಲ್ಲಿ 9ಕ್ಕೂ ಮೇಲೆ. ಮೊದಲೇ 190 ಇರುವ ಊರಲ್ಲಿ ಅದೂ ದೊಡ್ಡದೇ.

ಎರಡೂವರೆ ಅಡಿ ಆಳದ ಕಾಲುವೆ ತೋಡಿದ ಕೂಲಿ 4,500. ಕಾರು ಮೀಟರ್ ಬೋರ್ಡಿನ ಪಕ್ಕದಲ್ಲೇ ನಿಲ್ಲುವ ಹಾಗಿದ್ದರೆ ಇದೂ ಇಲ್ಲ, ಕೇಬಲ್ಲೂ ಐದು ಮೀಟರಿಗೆ ಮುಗಿಯುತ್ತಿತ್ತು. ಒಟ್ಟು ಖರ್ಚು 27 ಸಾವಿರದೊಳಗೆ ಬರುತ್ತಿತ್ತು. ಹೊಸ ಮನೆ ಕಟ್ಟುವವರು ಶೆಡ್ ಎಲ್ಲಿ ಅಂತ ಈಗಲೇ ನೋಡಿಕೊಳ್ಳಿ.

ಅರ್ತಿಂಗ್‌ಗೆ 6,500. ಇದರಲ್ಲಿ ಚೌಕಾಸಿ ಬೇಡ. ಹಳೇ ಮನೆಗಳಲ್ಲಿ ಅರ್ತ್ ಅಂದರೆ ಮೂಲೆಯಲ್ಲೊಂದು ತುಕ್ಕು ಹಿಡಿದ ಪೈಪು. ಬಲ್ಬಿಗೆ, ಮಿಕ್ಸಿಗೆ ಅದು ನಡೆಯುತ್ತದೆ, ಕಾರಿಗೆ ನಡೆಯುವುದಿಲ್ಲ. ಅರ್ತ್ ಸರಿ ಇಲ್ಲದಿದ್ದರೆ ಕಾರಿನ ಕೇಬಲ್ ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತದೆ. ನಮ್ಮ ನೆಲದ ಅಡಿ ಜಂಬಿಟ್ಟಿಗೆ. ಮಳೆಗಾಲದಲ್ಲಿ ಅಳತೆ ಮಾಡಿದರೆ ಚೆನ್ನಾಗಿ ತೋರಿಸುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಅರ್ತ್ ಸತ್ತೇ ಹೋಗಿರುತ್ತದೆ. ಹಾಗಾಗಿ ತಾಮ್ರ ಲೇಪಿಸಿದ ಸರಳು, ಸುತ್ತ ತೇವ ಹಿಡಿಯುವ ಪುಡಿ, ಬಚ್ಚಲ ನೀರು ಹರಿಯುವ ಕಡೆಯೇ ಗುಂಡಿ. ಬೇಸಿಗೆಯಲ್ಲಿ ಅಳೆದಾಗ ಅರ್ತಿನ ರೋಧ 5 ಓಮಿಗಿಂತ ಕಡಿಮೆ ಇರಬೇಕು ಅಂತ ಮೊದಲೇ ಕರಾರು ಮಾಡಿಕೊಂಡಿದ್ದೆ.

ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದರೆ ತಡೆಯುವಂಥದ್ದು), ಡಬ್ಬಿ ಸೇರಿ 8,200. ಆರ್‌ಸಿಸಿಬಿ ತಗೊಳ್ಳುವಾಗ 30 ಮಿಲಿಆಂಪ್, ಟೈಪ್ ಎ ಅಂತ ಕೇಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಟೈಪ್ ಎಸಿ. ಕಾರಿನ ಚಾರ್ಜರ್‌ನಿಂದ ಬರುವ ಕೆಲವು ಸೋರಿಕೆ ಅದಕ್ಕೆ ಗೊತ್ತಾಗುವುದಿಲ್ಲ. ಡಬ್ಬಿ ನೀರು ನುಗ್ಗದಂಥದ್ದೇ ಇರಲಿ, ವೈರ್ ಹೋಗುವ ತೂತನ್ನೂ ಮುಚ್ಚಿಸಿ. ಇಲ್ಲದಿದ್ದರೆ ಮೊದಲು ಇರುವೆ, ಅದರ ಹಿಂದೆ ಹಲ್ಲಿ. ಒಳ್ಳೇ 16 ಆಂಪ್ ಸಾಕೆಟ್, ಪೈಪು, ಗ್ಲ್ಯಾಂಡ್ ಎಲ್ಲಾ 1,600. ಎಲೆಕ್ಟ್ರಿಷಿಯನ್ ಕೂಲಿ 4,000.

ಉಳಿದ 4,500 ಮೆಸ್ಕಾಂನಲ್ಲಿ ಮನೆಗೆ ಮಂಜೂರಾದ ಲೋಡ್ 2ರಿಂದ 5 ಕಿಲೋವ್ಯಾಟಿಗೆ ಏರಿಸಿದ್ದಕ್ಕೆ, ಠೇವಣಿ ಮತ್ತು ಲೈಸೆನ್ಸ್ ಇರುವ ಗುತ್ತಿಗೆದಾರರ ಫೀಸು ಸೇರಿ. ಇದು ಒಂದು ಸಲದ್ದು. ಏರಿಸಿದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ ನೂರು ರೂಪಾಯಿಗಿಂತ ಜಾಸ್ತಿ ನಿಗದಿತ ಶುಲ್ಕವೂ ಬರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಗೃಹಜ್ಯೋತಿ. ನಮ್ಮ ಮನೆಗೆ ತಿಂಗಳಿಗೆ 95 ಯೂನಿಟ್, ಬಿಲ್ಲು ಸೊನ್ನೆ ಬರುತ್ತಿತ್ತು. ಕಾರು 900 ಕಿಲೋಮೀಟರ್ ಓಡಿದರೆ ಅದರದ್ದೇ 138 ಯೂನಿಟ್. ಒಟ್ಟು 233. ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನಾವೇ ಕಟ್ಟಬೇಕು, ದಾಟಿದ 33 ಯೂನಿಟ್ಟಿಗೆ ಮಾತ್ರ ಅಲ್ಲ. ಯೂನಿಟ್ಟಿಗೆ ಆರು ರೂಪಾಯಿ ಅಂದರೂ 1,400, ಮೇಲೆ ನಿಗದಿತ ಶುಲ್ಕ. ಅದೇ ಕಾರು 500 ಕಿಲೋಮೀಟರ್ ಓಡಿದ ತಿಂಗಳು 200ರ ಒಳಗೇ ಇರುತ್ತೇವೆ, ಹಿಂದಿನ ಬಳಕೆ ನೋಡಿ ನಮ್ಮ ಮನೆಗೆ ಗೊತ್ತು ಮಾಡಿದ ಉಚಿತ ಮಿತಿ ಮೀರಿದ ಯೂನಿಟ್ಟಿಗಷ್ಟೇ ದುಡ್ಡು. ಕಾರಿಗೇ ಬೇರೆ ಮೀಟರ್ ಹಾಕಿಸಬಹುದು, ಅದಕ್ಕೆ ದರವೂ ಬೇರೆ. ಆಗ ಮನೆಯ ಮೀಟರ್ ಗೃಹಜ್ಯೋತಿಯಲ್ಲೇ ಉಳಿಯುತ್ತದೆ. ನಾನಿನ್ನೂ ಹಾಕಿಸಿಲ್ಲ. ಪ್ರತಿ ತಿಂಗಳೂ 900 ದಾಟಿದರೆ ಹಾಕಿಸುತ್ತೇನೆ. ಪೂರ್ತಿ ಬಿಲ್ಲು ಕಟ್ಟಿದರೂ ಹಳೇ ಕಾರಿನ ಪೆಟ್ರೋಲಿನ ಅರ್ಧವೂ ಆಗುವುದಿಲ್ಲ ಅನ್ನುವುದು ನಿಜ.

ಮಳೆಗಾಲದ ಮಾತು ಬೇರೆ. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಮನೆಯ ಇನ್ವರ್ಟರ್ ಇದಕ್ಕೆ ಸಾಲುವುದಿಲ್ಲ, ಆ ಆಸೆ ಬಿಡಿ. ಜೂನ್ ಬಂದ ಮೇಲೆ ಬ್ಯಾಟರಿ ಶೇಕಡಾ 60ಕ್ಕಿಂತ ಕೆಳಗೆ ಇಳಿಯಲು ನಾನು ಬಿಡುವುದಿಲ್ಲ. ಕರೆಂಟ್ ಇದ್ದಾಗೆಲ್ಲ, ಹಗಲಾದರೂ ಸರಿ, ಸಿಕ್ಕಿಸುತ್ತೇನೆ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಕಿತ್ತು ಬದಿಗಿಡುತ್ತೇನೆ, ಸರ್ಜ್ ಪ್ರೊಟೆಕ್ಟರ್ ಇದ್ದರೂ ಸಹ.