ಡಿಜಿಟಲ್ ದೈವಶಾಸ್ತ್ರ ಗ್ರಂಥಾಲಯದ ಶಿಫಾರಸುಗಳನ್ನು ತೂಗಿ ನೋಡುವ ಬಗೆ

ಬೈಬಲ್ ಅಧ್ಯಯನಕ್ಕೆಂದು ಕಂಪ್ಯೂಟರಿನಲ್ಲಿ ಗ್ರಂಥಾಲಯ ತೆರೆದವರಿಗೆ ಪುಸ್ತಕಗಳ ಕೊರತೆ ಇರುವುದಿಲ್ಲ. ಲೋಗೋಸ್‌ನಂತಹ ತಂತ್ರಾಂಶದಲ್ಲಾಗಲಿ, ಅಮೆರಿಕದ ಕ್ಯಾಲ್ವಿನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಕ್ರಿಶ್ಚಿಯನ್ ಕ್ಲಾಸಿಕ್ಸ್ ಎಥೀರಿಯಲ್ ಲೈಬ್ರರಿ ಎಂಬ ಉಚಿತ ಸಂಗ್ರಹದಲ್ಲಾಗಲಿ ಒಂದು ವಚನವನ್ನು ಹುಡುಕಿದರೆ ಹತ್ತಾರು ವ್ಯಾಖ್ಯಾನಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಯಾವುದನ್ನು ಮೊದಲು ತೆರೆಯಬೇಕೆಂಬುದೇ ತೊಡಕು.

ಪುಸ್ತಕವೊಂದು ಪಟ್ಟಿಯ ಮೇಲ್ಭಾಗಕ್ಕೆ ಹೇಗೆ ಬಂತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಹಣ ಕೊಟ್ಟು ಕೊಳ್ಳುವ ಗ್ರಂಥಾಲಯಗಳಲ್ಲಿ ಶಿಫಾರಸು ಮತ್ತು ಮಾರಾಟ ಒಂದೇ ಪುಟದಲ್ಲಿ ಕುಳಿತಿರುತ್ತವೆ. ರಿಯಾಯಿತಿ ದರದ ಕಟ್ಟೊಂದನ್ನು ಹಿಂದೊಮ್ಮೆ ಕೊಂಡ ನಾನು ಅದರ ಮುಕ್ಕಾಲು ಪಾಲನ್ನು ಇನ್ನೂ ತೆರೆದಿಲ್ಲ. ಉಚಿತ ಗ್ರಂಥಾಲಯಗಳ ಲೆಕ್ಕವೇ ಬೇರೆ: ಅಲ್ಲಿ ಹೆಚ್ಚಾಗಿ ಸಿಗುವುದು ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳು. ಆದ್ದರಿಂದ 1714ರಲ್ಲಿ ತೀರಿಕೊಂಡ ಮ್ಯಾಥ್ಯೂ ಹೆನ್ರಿಯವರ ವ್ಯಾಖ್ಯಾನ ಎಲ್ಲೆಡೆ ಕಣ್ಣಿಗೆ ಬೀಳುತ್ತದೆ.

ಹಳೆಯದೆಂಬ ಕಾರಣಕ್ಕೆ ಅದನ್ನು ಬದಿಗಿಡಬೇಕಾಗಿಲ್ಲ. ಆದರೆ ಅದು ಯಾವುದನ್ನು ಕಂಡಿರಲು ಸಾಧ್ಯವಿಲ್ಲ ಎಂಬುದು ತಿಳಿದಿರಬೇಕು. ಯೆಶಾಯ 53:11ನ್ನು ತೆಗೆದುಕೊಳ್ಳಿ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ, ಆ ಅಧ್ಯಾಯ ವರ್ಣಿಸುವ ದೇವರ ಸೇವಕನು ‘ಕಾಣುವನು’ ಎಂದಿದೆ, ಏನನ್ನು ಕಾಣುವನೆಂಬುದು ನೇರವಾಗಿ ಇಲ್ಲ. ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್‌ನಲ್ಲಿ ‘ಬೆಳಕು’ ಎಂಬ ಪದವಿದೆ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ 1947ರಲ್ಲಿ ದೊರೆತ ಯೆಶಾಯನ ಸುರುಳಿ, ಅಲ್ಲಿಯವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು, ಮತ್ತು ಅದರಲ್ಲಿ ಅದೇ ‘ಬೆಳಕು’ ಹೀಬ್ರೂವಿನಲ್ಲಿಯೇ ಇದೆ. ಈ ಸುರುಳಿ ಸಿಗುವ ಮೊದಲು ಬರೆದ ಯಾವ ವ್ಯಾಖ್ಯಾನಕಾರರಿಗೂ ಆ ಸಾಕ್ಷ್ಯ ಕೈಗೆಟುಕಿರಲಿಲ್ಲ. ಆದುದರಿಂದ ಹಳೆಯ ಒಡಂಬಡಿಕೆಯ ಯಾವುದೇ ಭಾಗಕ್ಕೆ ಭಕ್ತಿಯ ಓದಿಗೆ ಹಳೆಯದೊಂದು, ಮೂಲಪಾಠದ ಚರ್ಚೆಗೆ 1947ರ ನಂತರದ್ದೊಂದು, ಹೀಗೆ ಎರಡನ್ನು ಆರಿಸಿಕೊಳ್ಳುವುದು ನನ್ನ ರೂಢಿ. ಪುಸ್ತಕದ ವಿವರದ ಪುಟದಲ್ಲಿ ಡಿಜಿಟಲ್ ಆವೃತ್ತಿಯ ವರ್ಷವನ್ನು ಮಾತ್ರ ಕೊಟ್ಟಿರಬಹುದು; ಮೂಲ ಮುದ್ರಣದ ವರ್ಷಕ್ಕಾಗಿ ಶೀರ್ಷಿಕೆ ಪುಟವನ್ನೋ ಮುನ್ನುಡಿಯನ್ನೋ ತಿರುವಿ ನೋಡಿ.

ನಿಘಂಟುಗಳಿಗೂ ಇದೇ ಎಚ್ಚರ ಬೇಕು. ಬೈಬಲಿನ ಮೂಲಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟ 1890ರ ಸ್ಟ್ರಾಂಗ್ ಪದಸೂಚಿಯ ಸಂಖ್ಯೆಗಳು ಹೀಬ್ರೂ ಬಾರದವರಿಗೂ ಮೂಲಪದವನ್ನು ಹುಡುಕಿಕೊಡುತ್ತವೆ, ಅಷ್ಟರ ಮಟ್ಟಿಗೆ ಅದು ದೊಡ್ಡ ಉಪಕಾರ. ಆದರೆ ಅದರಲ್ಲಿನ ಒಂದೆರಡು ಸಾಲಿನ ಅರ್ಥವನ್ನೇ ನೆಚ್ಚಿ ಭಾನುವಾರದ ಪ್ರಸಂಗವನ್ನು ಕಟ್ಟಬಾರದು. ಪದವು ಬೇರೆ ವಚನಗಳಲ್ಲಿ ಹೇಗೆ ಬಂದಿದೆಯೆಂದು ಕನಿಷ್ಠ ನಾಲ್ಕೈದು ಕಡೆ ನೋಡಬೇಕು.

ಲೇಖಕರ ಸಭಾ ಪರಂಪರೆಯನ್ನು ಅರಿಯಲು ಅವರ ಪರಿಚಯದ ಪುಟ ಸಾಕು. ದೀಕ್ಷಾಸ್ನಾನದ ಕುರಿತು, ಅದನ್ನು ಶಿಶುಗಳಿಗೆ ಕೊಡದ ಬ್ಯಾಪ್ಟಿಸ್ಟರೊಬ್ಬರನ್ನು ಓದಿದವರು ಅದನ್ನು ಕೊಡುವ ಲುಥೆರನ್ ಇಲ್ಲವೆ ಕಥೋಲಿಕ ಲೇಖಕರೊಬ್ಬರನ್ನೂ ಓದಿದರೆ, ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೆ ಎಂಬ ಪ್ರಶ್ನೆಯಲ್ಲಿ ವಾದ ಎಲ್ಲಿ ಕವಲೊಡೆಯುತ್ತದೆಂಬುದು ಸ್ಪಷ್ಟವಾಗುತ್ತದೆ.

ಇಂಗ್ಲಿಷ್ ಗ್ರಂಥಾಲಯಗಳ ಶಿಫಾರಸುಗಳಲ್ಲಿ ಕನ್ನಡದ ಹೆಸರು ಬರುವುದು ಅಪರೂಪ. ಅದಕ್ಕೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ಗೆ ನಾವೇ ಹೋಗಬೇಕು. ಬಾಸೆಲ್ ಮಿಶನ್ನಿನ ಕಾಲದ ಕನ್ನಡ, ತುಳು, ಮಲಯಾಳ ಮುದ್ರಣಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಕಿಟೆಲ್ಲರ 1894ರ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ‘ಕೃಪೆ’, ‘ರಕ್ಷಣೆ’ಗಳಂತಹ ಪದಗಳಿಗೆ ಆ ಕಾಲದಲ್ಲಿ ಏನೇನು ಅರ್ಥ ಕೊಟ್ಟಿದ್ದರೆಂದು ನೋಡುವುದಕ್ಕೆ ಯಾವ ತಂತ್ರಾಂಶವೂ ಬೇಕಾಗಿಲ್ಲ.

ಓದಿದ ಪ್ರತಿಯೊಂದು ಪುಸ್ತಕಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ: ಮೂಲ ಮುದ್ರಣದ ವರ್ಷ, ಲೇಖಕರ ಪರಂಪರೆ, ಯಾವ ವಚನಕ್ಕೆ ಉಪಯೋಗಕ್ಕೆ ಬಂತು. ಮುಂದಿನ ಬಾರಿ ಅದೇ ಅಧ್ಯಾಯಕ್ಕೆ ಮರಳಿದಾಗ ತೆರೆಯ ಮೇಲಿನ ಪಟ್ಟಿಗಿಂತ ಮೊದಲು ಆ ಪುಟವನ್ನು ನೋಡಿ.