ಜಾಡಿಯ ಜೊತೆ ಉಷ್ಣಮಾಪಕವನ್ನೂ ಕೇಳಿ: ಇಂಧನದ ಸಾಂದ್ರತೆ ಹೋಲಿಸುವ ಬಗೆ

ಕಳೆದ ಮೇ ತಿಂಗಳಲ್ಲಿ ಡೊಂಬಿವಲಿಯ ನನ್ನ ಮನೆಗೆ ಹಳೆಯ ಶಿಷ್ಯನೊಬ್ಬ ಸಿಟ್ಟಿನಿಂದ ಬಂದ. ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ಎರಡು ಬಾಡಿಗೆ ಕಾರುಗಳ ಮಾಲೀಕ. "ಸರ್, ಪೆಟ್ರೋಲಿನ ಸಾಂದ್ರತೆ ಪಂಪಿನಲ್ಲಿ 751 ಎಂದು ತೋರಿಸುತ್ತಾರೆ. ಜಾಡಿಯಲ್ಲಿ ಅಳೆಸಿದರೆ 736. ಇದು ಕಲಬೆರಕೆ ಅಲ್ಲವೇ?"

"ಪೆಟ್ರೋಲಿನ ಉಷ್ಣತೆ ಎಷ್ಟಿತ್ತು?" ಎಂದೆ. ಅವನು ನೋಡಿರಲಿಲ್ಲ. (ಸಾಂದ್ರತೆಯ ಈ ಅಂಕಿಗಳೆಲ್ಲ ಒಂದು ಘನ ಮೀಟರ್ ಇಂಧನ ಎಷ್ಟು ಕಿಲೊ ತೂಗುತ್ತದೆ ಎಂಬುದರ ಲೆಕ್ಕ.)

ಮರುದಿನ ಇಬ್ಬರೂ ಹೋದೆವು. ಸಾಂದ್ರತೆ ಪರೀಕ್ಷೆ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು; ಸಂಕೋಚ ಬೇಡ. 500 ಮಿಲಿಲೀಟರ್ ಜಾಡಿ, ಹೈಡ್ರೋಮೀಟರ್ (ದ್ರವದಲ್ಲಿ ತೇಲಿ ಸಾಂದ್ರತೆ ತೋರಿಸುವ ಗಾಜಿನ ಕೊಳವೆ), ಉಷ್ಣಮಾಪಕ ಮೂರನ್ನೂ ಕೇಳಿ. ಜಾಡಿಯನ್ನು ನೆರಳಿನಲ್ಲಿ, ಸಮತಟ್ಟಾದ ಜಾಗದಲ್ಲಿ ಇಡಿಸಿ. ಗುಳ್ಳೆಗಳು ಅಡಗಲಿ. ಹೈಡ್ರೋಮೀಟರ್ ಜಾಡಿಯ ಗೋಡೆಗೆ ತಾಗದೆ ತೇಲಬೇಕು. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ನಿಂತಲ್ಲಿಂದಲೇ ಬಗ್ಗಿ ನೋಡಿದರೆ ಅಂಕಿ ತಪ್ಪುತ್ತದೆ. ಕೂಡಲೇ ಉಷ್ಣತೆಯನ್ನೂ ಬರೆದುಕೊಳ್ಳಿ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಪಂಪಿನವರು ತೋರಿಸುವ ಅಂಕಿ 15 ಡಿಗ್ರಿ ಸೆಲ್ಸಿಯಸ್‌ಗೆ ಸೇರಿದ್ದು. ಮುಂಬಯಿಯ ಮೇ ತಿಂಗಳಲ್ಲಿ 15 ಡಿಗ್ರಿಯ ಪೆಟ್ರೋಲ್ ಎಲ್ಲಿಂದ ಬರಬೇಕು? ಬಿಸಿಗೆ ದ್ರವ ಹಿಗ್ಗುತ್ತದೆ, ಅಷ್ಟೇ ತೂಕ ಹೆಚ್ಚು ಜಾಗ ಹಿಡಿಯುತ್ತದೆ, ಸಾಂದ್ರತೆ ಇಳಿಯುತ್ತದೆ. ಪ್ರತಿ ಡಿಗ್ರಿಗೆ ಪೆಟ್ರೋಲ್ ಘನ ಮೀಟರಿಗೆ ಸುಮಾರು 0.9 ಕಿಲೊ, ಡೀಸೆಲ್ ಸುಮಾರು 0.7 ಕಿಲೊ ಕಳೆದುಕೊಳ್ಳುತ್ತವೆ. ಅಂದು ನಮ್ಮ ಜಾಡಿಯಲ್ಲಿ 32 ಡಿಗ್ರಿ ಇತ್ತು, ಹೈಡ್ರೋಮೀಟರ್ ಮತ್ತೆ 736 ತೋರಿಸಿತು. 17 ಡಿಗ್ರಿಯ ವ್ಯತ್ಯಾಸಕ್ಕೆ 15 ಸೇರಿಸಿದರೆ 751. ಶಿಷ್ಯನ ಮುಖ ಸಡಿಲವಾಯಿತು. ಇದು ಬಾಯಿಲೆಕ್ಕ, ಪಂಪಿನಲ್ಲಿರುವ ಪರಿವರ್ತನೆಯ ಕೋಷ್ಟಕವನ್ನು ತೆರೆಸಿ ಖಚಿತಪಡಿಸಿಕೊಳ್ಳಿ. ಹೀಗೆ ಸರಿಪಡಿಸಿದ ಮೇಲೂ 3ಕ್ಕಿಂತ ಹೆಚ್ಚು ಅಂತರ ಉಳಿದರೆ ದೂರು ಕೊಡಲು ಹಿಂಜರಿಯಬೇಡಿ.

ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಸಾಂದ್ರತೆ ಏರುತ್ತದೆ, ಡೀಸೆಲಿಗೆ ಬೆರೆಸಿದರೆ ಇಳಿಯುತ್ತದೆ. ಆದರೆ ಹಗುರವಾದದ್ದನ್ನೂ ಭಾರವಾದದ್ದನ್ನೂ ಸೇರಿಸಿ ಅಂಕಿಯನ್ನು ಸರಿದೂಗಿಸಬಹುದು. ಆದ್ದರಿಂದ ಫಿಲ್ಟರ್ ಕಾಗದವನ್ನೂ ಕೇಳಿ: ಶುದ್ಧ ಪೆಟ್ರೋಲಿನ ಹನಿ ಕಲೆ ಉಳಿಸದೆ ಆರಿಹೋಗಬೇಕು.

ಇನ್ನು ಇಂಧನಗಳನ್ನೇ ಒಂದಕ್ಕೊಂದು ಹೋಲಿಸುವುದಾದರೆ, 15 ಡಿಗ್ರಿಯಲ್ಲಿ ಪೆಟ್ರೋಲ್ 720ರಿಂದ 775ರ ನಡುವೆ, ಡೀಸೆಲ್ ಸುಮಾರು 820ರಿಂದ 845, ಎಥನಾಲ್ 794ರ ಆಸುಪಾಸು. ಕಿಲೊ ಲೆಕ್ಕದಲ್ಲಿ ಪೆಟ್ರೋಲ್, ಡೀಸೆಲ್ ಎರಡರ ಶಕ್ತಿಯೂ ಹೆಚ್ಚುಕಡಿಮೆ ಸಮ, ಸುಮಾರು 43 ಮೆಗಾಜೂಲ್. ಒಂದು ಲೀಟರಿನೊಳಗೆ ಡೀಸೆಲ್ ಹೆಚ್ಚು ತೂಗುವುದರಿಂದ ಲೀಟರಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಹಾಗೆಂದು ಭಾರವಾದದ್ದೆಲ್ಲ ಬಲವಾದದ್ದಲ್ಲ. ಎಥನಾಲ್ ಪೆಟ್ರೋಲಿಗಿಂತ ಭಾರ, ಆದರೂ ಕಿಲೊಗೆ ಸುಮಾರು 27 ಮೆಗಾಜೂಲ್ ಮಾತ್ರ, ಏಕೆಂದರೆ ಅದರ ತೂಕದ ಮೂರನೇ ಒಂದು ಪಾಲಿಗೂ ಹೆಚ್ಚು ಆಮ್ಲಜನಕವೇ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಸಾಂದ್ರತೆ ತುಸು ಏರಿದರೂ ಲೀಟರಿನ ಶಕ್ತಿ ಇಳಿಯುವುದು ಇದರಿಂದಲೇ.

"ಹಾಗಾದರೆ ಸಿಎನ್‌ಜಿಗೆ ಯಾವ ಜಾಡಿ, ಸರ್?" ಎಂದು ಅವನು ದಾರಿಯಲ್ಲಿ ಕೇಳಿದ. ಜಾಡಿಯಿಲ್ಲ. ಒತ್ತಡ ಬದಲಾದಂತೆ ಅನಿಲದ ಸಾಂದ್ರತೆಯೂ ಬದಲಾಗುತ್ತದೆ. ಲೀಟರಿಗೆ ಅಲ್ಲಿ ಅರ್ಥವಿಲ್ಲ. ಅದಕ್ಕೇ ಅದನ್ನು ಕಿಲೊ ಲೆಕ್ಕದಲ್ಲಿ ಮಾರುವುದು. 60 ಲೀಟರ್ ನೀರು ಹಿಡಿಯುವ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೂ ಸುಮಾರು 9 ಕಿಲೊ ಅಷ್ಟೇ ತುಂಬುತ್ತದೆ.