ಎರಡು ಬ್ಯಾಟರಿ ನುಂಗಿದ ಒಂದು ಜಾಯಿಂಟು

ಹತ್ತನೇ ತರಗತಿಯ ಮಕ್ಕಳಿಗೆ ಓಮನ ನಿಯಮ ಕಲಿಸಲು ತೊಡಗಿ ಹದಿನಾಲ್ಕು ವರ್ಷವಾಯಿತು. ಅದೇ ನಿಯಮ ನನ್ನ ಬೈಕಿಗೂ ಅನ್ವಯಿಸುತ್ತದೆ ಎಂಬುದು ತಲೆಗೆ ಹೋಗಲು ಎರಡು ಬ್ಯಾಟರಿಗಳ ದುಡ್ಡು ಕೈಬಿಡಬೇಕಾಯಿತು.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಹೆಂಡತಿಯ ತವರು ಶಿರಸಿಯ ಕಡೆ, ಅಡಿಕೆ ತೋಟದ ಮನೆ. ತಿಂಗಳಿಗೆ ಎರಡು ಸಲವಾದರೂ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುತ್ತೇನೆ. ಬೇಸಿಗೆ ರಜೆಯಲ್ಲಿ ಇದೇ ಬೈಕು ಕನ್ಯಾಕುಮಾರಿಯವರೆಗೂ ಹೋಗಿ ಬಂದಿದೆ. ದೂರದ ಓಡಾಟಕ್ಕೆಂದೇ ಕೊಂಡ 400 ಸಿಸಿ ಗಾಡಿ. ಅದಕ್ಕೆ ಮೂರು ವರ್ಷಗಳಲ್ಲಿ ಎರಡು ಫಾಗ್ ದೀಪ, ಒಂದು ಫೋನ್ ಚಾರ್ಜರು, ಒಂದು ಜೋರು ಹಾರ್ನು ಸೇರಿಸಿದ್ದು ನಾನೇ. ಒಂದೊಂದನ್ನು ಒಂದೊಂದು ಭಾನುವಾರ, ಒಂದೊಂದು ಕಡೆಯಿಂದ ಕರೆಂಟು ಕದ್ದು ಹಾಕಿದ್ದೆ. ಎಲ್ಲಿಂದ ಕದ್ದೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ.

ಕಳೆದ ವರ್ಷದ ಜುಲೈನ ಒಂದು ರಾತ್ರಿ ಶಿರಸಿಯಿಂದ ಇಳಿಯುತ್ತಿದ್ದೆ. ರಾಗಿಹೊಸಳ್ಳಿ ದಾಟಿದ ಮೇಲೆ ಮಳೆಗಿಂತ ಮಂಜೇ ದಟ್ಟವಾಯಿತು. ಫಾಗ್ ದೀಪ ಹಾಕಿ ಎರಡನೇ ಗೇರಿನಲ್ಲಿ ನಿಧಾನ ಬರುತ್ತಿದ್ದಾಗ ಸ್ಪೀಡೋಮೀಟರಿನ ಪರದೆ ಒಮ್ಮೆ ಆರಿ ಹೊತ್ತಿತು. ಬ್ರೇಕಿನ ದೋಷ ಸೂಚಿಸುವ ಎಬಿಎಸ್ ದೀಪ ಉರಿಯತೊಡಗಿತು. ತಿರುವಿನಲ್ಲಿ ಹಾರ್ನ್ ಒತ್ತಿದರೆ ಅದು ಕೂಗುವ ಬದಲು ಕೆಮ್ಮಿತು. ಕತಗಾಲದಲ್ಲಿ ಚಹಾ ಕುಡಿದು ಸೆಲ್ಫ್ ಒತ್ತಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನಿಲ್ಲ. ಹಳೆಯ ಕಾರ್ಬುರೇಟರ್ ಬೈಕಾಗಿದ್ದರೆ ಇಳಿಜಾರಿನಲ್ಲಿ ತಳ್ಳಿ ಗೇರು ಹಾಕಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪು, ಕಂಪ್ಯೂಟರು ಎದ್ದು ಕೂರಲಿಕ್ಕೂ ಬ್ಯಾಟರಿಯಲ್ಲಿ ಒಂದಿಷ್ಟು ಜೀವ ಬೇಕು. ಚಹಾದಂಗಡಿಯವರೇ ಒಂದು ಪಿಕಪ್ ಗಾಡಿ ಗೊತ್ತು ಮಾಡಿಕೊಟ್ಟರು.

ಮರುದಿನ ಮೆಕ್ಯಾನಿಕ್ ಒಬ್ಬರು ಸೀಟು ಎತ್ತಿ, ವೋಲ್ಟ್ ಅಳೆಯುವ ಮೀಟರನ್ನು ಮುಟ್ಟದೆ, ‘ಬ್ಯಾಟರಿ ಹೋಗಿದೆ’ ಎಂದರು. ಹೊಸದು ಹಾಕಿಸಿದೆ. ಮೂರು ವಾರಕ್ಕೆ ಅದೂ ಮಾವನ ಮನೆಯ ಅಂಗಳದಲ್ಲಿ ಮಲಗಿತು. ಭಾವ ಕವಳ ಹಾಕಿಕೊಳ್ಳುತ್ತ, ‘ಭಾವಾ, ನಿಮ್ಮ ಬೈಕಿಗಿಂತ ನಮ್ಮ ತೋಟದ ಪಂಪ್‌ಸೆಟ್ಟಿಗೇ ನಿಯತ್ತು ಹೆಚ್ಚು’ ಎಂದ. ಆ ಮಾತು ನಾಟಿತು. ಆದರೂ ಬುದ್ಧಿ ಬರಲಿಲ್ಲ. ಶಿರಸಿಯಲ್ಲಿ ಇನ್ನೊಂದು ಬ್ಯಾಟರಿ ಕೊಂಡೆ.

ನನ್ನ ಕಣ್ಣು ತೆರೆಸಿದವರು ಬೈತಖೋಲ ಬಂದರಿನ ಬೋಟ್ ಎಲೆಕ್ಟ್ರಿಷಿಯನ್, ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಮೀನುಗಾರಿಕೆ ಬೋಟುಗಳಲ್ಲಿ ದೀಪ, ಪಂಪು, ವೈರ್‌ಲೆಸ್ ಎಲ್ಲ ಬ್ಯಾಟರಿಯ ಮೇಲೆಯೇ ನಡೆಯುತ್ತವೆ. ಉಪ್ಪುನೀರಿನಲ್ಲಿ ತಂತಿ ಹೇಗೆ ಸಾಯುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ಬೈಕ್ ಶೋರೂಮಿಗೂ ಗೊತ್ತಿರಲಾರದು. ಬೈಕನ್ನು ಅವರ ಮುಂದೆ ನಿಲ್ಲಿಸಿದಾಗ ಅವರು ಬ್ಯಾಟರಿಯ ಕಡೆ ನೋಡಲೇ ಇಲ್ಲ.

‘ಮಾಸ್ತರರೇ, ಕಂಪನಿ ಹಾಕಿದ್ದು ಯಾವುದು, ನೀವು ಹಾಕಿದ್ದು ಯಾವುದು, ಮೊದಲು ಅದನ್ನು ತೋರಿಸಿ.’

ತೋರಿಸಲು ಹೊರಟರೆ ನನಗೇ ಅರ್ಧ ನೆನಪಿರಲಿಲ್ಲ. ಕೊನೆಗೆ ಅವರು, ‘ಆಗಲಿ, ಅಳೆದು ನೋಡೋಣ’ ಎಂದರು.

ಅಳೆದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ಆರಿಸಿ ಒಂದು ರಾತ್ರಿ ಬಿಟ್ಟ ಮೇಲೆ, ತುಂಬಿದ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ನನ್ನದು 12.2 ಇತ್ತು. ಎಂಜಿನ್ ಓಡುವಾಗ, ಆಕ್ಸಿಲರೇಟರ್ ತುಸು ಏರಿಸಿದರೆ, ಬ್ಯಾಟರಿಯ ಮೇಲೆ 13.5ರಿಂದ 14.5 ಬರಬೇಕು. ನನ್ನದು 12.7ರಲ್ಲೇ ಒದ್ದಾಡುತ್ತಿತ್ತು. ಅಂದರೆ ಬ್ಯಾಟರಿಗೆ ಊಟ ಸಿಗುತ್ತಿರಲಿಲ್ಲ. ಊಟ ಸಿಗದವನನ್ನು ದೂರಿ ಹೊಸಬನನ್ನು ತಂದು ಕೂರಿಸಿದರೆ ಅವನೂ ಸೊರಗುತ್ತಾನೆ.

ಊಟ ಬರುವ ದಾರಿ ಹೀಗೆ: ಎಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಸುರುಳಿಗಳ ಸ್ಟೇಟರಿನಿಂದ ಮೂರು ಹಳದಿ ತಂತಿಗಳಲ್ಲಿ ಎಸಿ ಕರೆಂಟು ಹೊರಡುತ್ತದೆ. ರೆಗ್ಯುಲೇಟರ್ ಅದನ್ನು ಡಿಸಿ ಮಾಡಿ, ವೋಲ್ಟೇಜಿಗೆ ಮಿತಿ ಹಾಕಿ, ಕೆಂಪು ತಂತಿಯ ಮೂಲಕ ಬ್ಯಾಟರಿಗೆ ಕಳಿಸುತ್ತದೆ. ಹಳದಿ ತಂತಿಗಳ ಕನೆಕ್ಟರ್ ಬಿಚ್ಚಿ, ಎಂಜಿನ್ನನ್ನು 5000 ಆರ್‌ಪಿಎಂ ಸುತ್ತ ಓಡಿಸಿ ಎರಡೆರಡು ತಂತಿಗಳ ನಡುವೆ ಅಳೆದೆವು. ಮೂರು ಜೋಡಿಯಲ್ಲೂ 55 ವೋಲ್ಟಿನ ಆಸುಪಾಸು, ಸಮಸಮ. ಎಂಜಿನ್ ನಿಲ್ಲಿಸಿ ನೋಡಿದರೆ ಯಾವ ಹಳದಿ ತಂತಿಗೂ ಬಾಡಿಯೊಂದಿಗೆ ಸಂಪರ್ಕವಿಲ್ಲ. ಸ್ಟೇಟರ್ ಆರೋಗ್ಯವಾಗಿದೆ. ಕನೆಕ್ಟರ್ ಮತ್ತೆ ಸೇರಿಸಿ ರೆಗ್ಯುಲೇಟರಿನ ಬಾಯಲ್ಲಿ ಅಳೆದರೆ 14.3. ಅದೂ ಆರೋಗ್ಯವಾಗಿದೆ. ಅಲ್ಲಿ 14.3 ಇದ್ದದ್ದು ಎರಡಡಿ ದೂರದ ಬ್ಯಾಟರಿ ಮುಟ್ಟುವಾಗ 12.7 ಆಗಿದೆ. 1.6 ವೋಲ್ಟ್ ದಾರಿಯಲ್ಲೇ ಯಾರೋ ತಿನ್ನುತ್ತಿದ್ದಾರೆ. ರೆಗ್ಯುಲೇಟರ್ ತನ್ನ ಬಾಯಲ್ಲಿರುವುದನ್ನು ಮಾತ್ರ ನೋಡಿಕೊಂಡು, ಎಲ್ಲ ಸರಿಯಿದೆ ಎಂದು ನಿಶ್ಚಿಂತವಾಗಿದೆ.

ಇಲ್ಲಿ ನಾನು ಜಾಣತನ ತೋರಿಸಲು ಹೋದೆ. ಆ ಕೆಂಪು ತಂತಿಯನ್ನು ಮನೆಯಲ್ಲಿ ಮೊದಲೇ ಪರೀಕ್ಷಿಸಿದ್ದೆ, ಮೀಟರ್ ಕೀಂ ಎಂದಿತ್ತು, ತಂತಿ ಸರಿಯಿದೆ ಎಂದೆ. ಅವರು ನಕ್ಕರು. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಕೀಂ ಎನ್ನುತ್ತದೆ, ಏಕೆಂದರೆ ಅದು ಪರೀಕ್ಷೆಗೆ ಹರಿಸುವ ಕರೆಂಟು ತೀರಾ ಅಲ್ಪ. ಅವರು ಮೀಟರನ್ನು ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗಲೇ ಒಂದು ಮುಳ್ಳನ್ನು ರೆಗ್ಯುಲೇಟರಿನ ಕೆಂಪಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೂ ಇಟ್ಟರು. 1.5. ಮೈನಸ್ ಕಡೆ ಹಾಗೆಯೇ ಇಟ್ಟರೆ 0.1. ಒಳ್ಳೆಯ ತಂತಿಯಲ್ಲಿ ಇದು 0.2ರೊಳಗೆ ಇರಬೇಕು. ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ ತಂತಿಯಲ್ಲಿ 8 ಆಂಪಿಯರ್. ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದನ್ನು ಮನಸ್ಸಿನಲ್ಲೇ ಮಾಡಿದೆ, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ: ಸುಮಾರು 0.2 ಓಮ್. ಮೀಟರಿನ ಮುಳ್ಳುಗಳ ತಂತಿಯ ರೋಧವೇ ಅಷ್ಟಿರುತ್ತದೆ, ಓಮ್ ಅಳತೆಯಲ್ಲಿ ಅದು ಸಿಗುವುದಾದರೂ ಹೇಗೆ? ಅದೇ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ 12 ವ್ಯಾಟ್. 25 ವ್ಯಾಟಿನ ಬೆಸುಗೆ ಕಡ್ಡಿಯ ಅರ್ಧದಷ್ಟು ಶಾಖ ನನ್ನ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಹಿಂದೆ, ಒಂದೇ ಜಾಗದಲ್ಲಿ ಹುಟ್ಟುತ್ತಿತ್ತು.

ಆ ಜಾಗವನ್ನು ಬೆರಳೇ ಹುಡುಕಿಕೊಟ್ಟಿತು, ಕೈ ಸುಡುವಷ್ಟು ಬಿಸಿ. ಮೇಲೆ ಅಂಟಂಟಾದ ಕಪ್ಪು ಟೇಪು, ನಾನೇ ಸುತ್ತಿದ್ದು. ಬಿಚ್ಚಿದರೆ ಒಳಗೆ ನೀಲಿ ಪ್ಲಾಸ್ಟಿಕ್ಕಿನ ಚಿಟಿಕೆ ಕನೆಕ್ಟರು. ತಂತಿಯನ್ನು ಸುಲಿಯುವ ಕಷ್ಟವಿಲ್ಲ, ಮೇಲಿಂದ ಒತ್ತಿದರೆ ಒಳಗಿನ ತಗಡಿನ ಹಲ್ಲು ಸಿಪ್ಪೆ ಸೀಳಿ ತಾಮ್ರವನ್ನು ಕಚ್ಚುತ್ತದೆ. ಫಾಗ್ ದೀಪಕ್ಕೆ ಕರೆಂಟು ಬೇಕೆಂದು ಚಾರ್ಜಿಂಗ್ ತಂತಿಗೇ ಇದನ್ನು ಹಾಕಿದ್ದೆ, ಹತ್ತು ನಿಮಿಷದಲ್ಲಿ ಮುಗಿಯಿತೆಂದು ಹೆಮ್ಮೆಯಿಂದ ಹೆಂಡತಿಗೆ ತೋರಿಸಿಯೂ ಇದ್ದೆ. ಆ ಹಲ್ಲು ಅರ್ಧ ಎಳೆಗಳನ್ನು ಅಂದೇ ಕತ್ತರಿಸಿತ್ತು. ಉಳಿದರ್ಧವನ್ನು ಉಪ್ಪು ತಿಂದಿತ್ತು. ಅವರು ಬ್ಲೇಡಿನಿಂದ ತಂತಿಯ ಸಿಪ್ಪೆಯನ್ನು ಉದ್ದಕ್ಕೆ ಸೀಳಿದರು. ಕನೆಕ್ಟರಿನ ಹತ್ತಿರ ಹಸಿರು ಪುಡಿ, ಅಲ್ಲಿಂದ ಮುಂದೆ ಕಾಡಿಗೆಯಂಥ ಕಪ್ಪು. ತಾಮ್ರದ ಬಣ್ಣ ಕಾಣಿಸಿದ್ದು ಒಂದು ಗೇಣು ಆಚೆಗೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ಎಳೆಗಳ ನಡುವಿನಿಂದ ಉಪ್ಪುನೀರು ಒಳಕ್ಕೆ ಏರುತ್ತದೆ. ಕರಾವಳಿಯಲ್ಲಿ ಮಳೆ ನಿಂತರೂ ಇದು ಒಣಗುವುದಿಲ್ಲ, ಕೂತ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸರ್ವಿಸ್ ಹೊತ್ತಿನಲ್ಲಿ ಜೋರು ನೀರಿನ ಪೈಪನ್ನು ಸೀಟಿನ ಕೆಳಗೆ ಹಿಡಿಯುವವರ ಪಾಲೂ ಇದರಲ್ಲಿದೆ ಎನ್ನಬಹುದು. ಆದರೆ ಬಾಗಿಲು ತೆರೆದಿಟ್ಟವನು ನಾನು.

ಇಷ್ಟಾದರೂ ಇನ್ನೊಂದು ಕಳ್ಳ ಉಳಿದಿದ್ದ. ಕೀ ತೆಗೆದ ಮೇಲೆಯೂ ಬ್ಯಾಟರಿಯಿಂದ ಎಷ್ಟು ಸೋರುತ್ತಿದೆ ಎಂದು ನೋಡಲು ಮೈನಸ್ ತಂತಿ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಸೇರಿಸಬೇಕು. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಕೀ ಹಾಕಬಾರದು. ನಾನು ಹಾಕಿ, ಮೀಟರಿನೊಳಗಿನ ಫ್ಯೂಸ್ ಸುಟ್ಟು, ಮತ್ತೆ ಪೇಟೆಗೆ ಹೋಗಿ ಬಂದೆ. ಎರಡನೇ ಸಲ 31 ಮಿಲಿಆಂಪಿಯರ್ ತೋರಿಸಿತು. ಫೋನ್ ಚಾರ್ಜರಿನ ಫ್ಯೂಸ್ ಕಿತ್ತೊಡನೆ 3ಕ್ಕೆ ಇಳಿಯಿತು. ಅಂದವಾದ ನೀಲಿ ಅಂಕಿಗಳಲ್ಲಿ ವೋಲ್ಟೇಜ್ ತೋರಿಸುವ ಚಾರ್ಜರು ಅದು, ನೇರ ಬ್ಯಾಟರಿಗೇ ಕಟ್ಟಿದ್ದೆ. 28 ಮಿಲಿಆಂಪಿಯರ್ ಎಂದರೆ ಏನೂ ಅಲ್ಲ ಎನಿಸುತ್ತದೆ. ಆರು ದಿನ ಮಳೆಯೆಂದು ಬೈಕ್ ಹೊರಗೆ ತೆಗೆಯದಿದ್ದರೆ 4 ಆಂಪಿಯರ್ ಅವರ್ ಹೋಯಿತು. ನನ್ನ ಬ್ಯಾಟರಿ ಇರುವುದೇ 8ರದ್ದು.

ಹೊಸ ವೈರಿಂಗಿಗೆ ಎರಡು ಭಾನುವಾರ ಹಿಡಿಯಿತು. ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಿದೆ, ಈ ಸಲ ನಿಜವಾಗಿಯೂ. ಕೈಪಿಡಿಯ ಪ್ರಕಾರ ನನ್ನ ಬೈಕು ಹುಟ್ಟಿಸುವುದು ಹೆಚ್ಚೆಂದರೆ 220 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಪಂಪು, ಇಗ್ನಿಷನ್, ದೀಪ ಸೇರಿ ಬೈಕೇ 130 ತಿನ್ನುತ್ತದೆ. 2017ರ ಏಪ್ರಿಲ್‌ನಿಂದೀಚೆಗಿನ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಆದ್ದರಿಂದ ಅದರ 55 ವ್ಯಾಟನ್ನು ಹಗಲಿನಲ್ಲೂ ಉಳಿಸುವಂತಿಲ್ಲ. ಉಳಿದ 90ರಲ್ಲಿ ಎರಡು ಎಲ್ಇಡಿ ಫಾಗ್ ದೀಪಗಳಿಗೆ 40, ಚಾರ್ಜರಿಗೆ 18. ಸಾಕು. ಆದರೆ ಕುಮಟಾ ಪೇಟೆಯಲ್ಲಿ ಬಸ್ಸಿನ ಹಿಂದೆ ಐಡಲಿಂಗ್‌ನಲ್ಲಿ ನಿಂತಾಗ ಈ ಲೆಕ್ಕ ನಿಲ್ಲುವುದಿಲ್ಲ, ಅಲ್ಲಿ ಫಾಗ್ ದೀಪ ಆರಿಸುತ್ತೇನೆ.

ಬ್ಯಾಟರಿಯ ಪ್ಲಸ್ಸಿನಿಂದ ಒಂದೇ ತಂತಿ ಹೊರಡುತ್ತದೆ. ಗೇಣು ದೂರದೊಳಗೆ ಅದಕ್ಕೆ 15 ಆಂಪಿಯರಿನ ಫ್ಯೂಸ್. ಫ್ಯೂಸ್ ಇರುವುದು ದೀಪವನ್ನಲ್ಲ, ತಂತಿಯನ್ನು ಕಾಯಲು, ಹಾಗಾಗಿ ಅದು ದೀಪದ ಹತ್ತಿರವಿದ್ದು ಪ್ರಯೋಜನವಿಲ್ಲ. ಅಲ್ಲಿಂದ ರಿಲೇಗೆ, ಅಂದರೆ ಸಣ್ಣ ಕರೆಂಟಿನ ಸಂಜ್ಞೆಯಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚಿಗೆ: ಅದರ 30 ಎಂಬ ಅಂಕಿಯ ಕಾಲಿಗೆ ಹೋಗಿ, 87ರಿಂದ ಸೀಟಿನ ಕೆಳಗಿನ ಸಣ್ಣ ಫ್ಯೂಸ್ ಪೆಟ್ಟಿಗೆಗೆ, ಅದರಲ್ಲಿ ಫಾಗಿಗೆ 5, ಚಾರ್ಜರಿಗೆ 3. ರಿಲೇಯ 86ಕ್ಕೆ ಪಾರ್ಕಿಂಗ್ ದೀಪದ ತಂತಿಯಿಂದ ಸಂಜ್ಞೆ, 85 ಮೈನಸ್ಸಿಗೆ. ಕೀ ತೆಗೆದರೆ ರಿಲೇ ‘ಟಿಕ್’ ಎಂದು ಎಲ್ಲವನ್ನೂ ಒಟ್ಟಿಗೆ ಕಡಿಯುತ್ತದೆ. ರಿಲೇಯ ಸುರುಳಿ ಕೇಳುವುದು 0.15 ಆಂಪಿಯರ್ ಮಾತ್ರ, ಪಾರ್ಕಿಂಗ್ ತಂತಿಗೆ ಅದು ಭಾರವಲ್ಲ. ದೀಪಗಳ ಮೈನಸ್ಸನ್ನೂ ಚಾಸಿಸ್ಸಿನ ಯಾವುದೋ ಬೋಲ್ಟಿಗೆ ಸಿಕ್ಕಿಸದೆ ಬ್ಯಾಟರಿಯವರೆಗೆ ತಂದೆ, ತುಕ್ಕು ಹಿಡಿಯುವ ಬೋಲ್ಟನ್ನು ನಂಬುವ ಊರು ನಮ್ಮದಲ್ಲ. ನಾನು ಹಾಕಿದ್ದ ಜೋರು ಹಾರ್ನನ್ನು ತೆಗೆದೇಬಿಟ್ಟೆ. ಕಂಪನಿಯದೇ ಸಾಕು.

ಜೋಡಿಸುವ ಕೆಲಸವನ್ನು ಅವರು ಎದುರು ಕೂರಿಸಿಕೊಂಡು ಕಲಿಸಿದರು. ನನಗೆ ಬೆಸುಗೆಯ ಮೇಲೆ ಭಕ್ತಿ. ಅವರು ಬೇಡ ಎಂದರು. ಬೆಸುಗೆ ಏರಿದಷ್ಟು ತಂತಿ ಕಡ್ಡಿಯಾಗುತ್ತದೆ, ಆ ಕಡ್ಡಿ ಮುಗಿದು ಮೆತ್ತಗಿನ ತಂತಿ ಶುರುವಾಗುವ ಅಂಚಿನಲ್ಲಿ ಬೈಕಿನ ನಡುಕ ಅದನ್ನು ಮುರಿಯುತ್ತದೆ. ಬದಲಿಗೆ ತಂತಿಯ ತುದಿಗೆ ಹಾಕುವ ಲೋಹದ ಲಗ್ಗನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ, ಜೋರಾಗಿ ಎಳೆದು ನೋಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಏರಿಸಿ ಬಿಸಿ ಮಾಡಬೇಕು. ಕೊಳವೆ ಮುದುಡುತ್ತಿದ್ದಂತೆ ಎರಡೂ ತುದಿಯಲ್ಲಿ ಅಂಟು ಮಣಿಯಂತೆ ಹೊರಗೆ ಇಣುಕಿದರೆ ಮಾತ್ರ ನೀರು ಹೋಗುವುದಿಲ್ಲ. ತಂತಿಯನ್ನೂ ಅವರೇ ಕೊಟ್ಟರು, ಬೋಟಿಗೆ ತಂದು ಮಿಕ್ಕಿದ್ದ ಮೂರು ಮೀಟರ್. ಸುಲಿದರೆ ಕೆಂಪಗಿಲ್ಲ, ಬೆಳ್ಳಗಿದೆ: ಪ್ರತಿ ಎಳೆಗೂ ತವರದ ಲೇಪ. ಪ್ರತಿ ತಂತಿಯನ್ನೂ ಕನೆಕ್ಟರಿಗಿಂತ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದೆವು, ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗಲೆಂದು. ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ಯಾವ ತಂತಿಯೂ ಬಿಗಿಯುವುದಿಲ್ಲ ಎಂದು ನೋಡಿ ಆಮೇಲೆ ಟ್ಯಾಗ್ ಕಟ್ಟಿದೆವು.

‘ಮಾಸ್ತರರೇ, ಎಷ್ಟು ಜಾಯಿಂಟು ಹಾಕಿದಿರಿ ಎಂದು ಎಣಿಸಿ’ ಎಂದರು. ಮೊದಲು 23 ಇದ್ದವು. ಈಗ 11.

ಫಾಗ್ ದೀಪಗಳನ್ನು ಮಾತ್ರ ದೇವಿಮನೆಗೆ ಹೋಗಿಯೇ ಹೊಂದಿಸಿದೆ. ಬಿಳಿ ದೀಪ ಮಂಜಿಗೆ ಬಡಿದು ವಾಪಸು ಕಣ್ಣಿಗೇ ಬರುತ್ತಿತ್ತು. ತಗ್ಗಿಸಿ, ಬೆಳಕು ರಸ್ತೆಯ ಎಡ ಅಂಚಿನ ಬಿಳಿ ಗೆರೆ ಹಿಡಿಯುವಂತೆ ಮಾಡಿದ ಮೇಲೆ ದಾರಿ ಕಂಡಿತು, ಎದುರಿನ ಲಾರಿಯವರ ಬೈಗುಳವೂ ನಿಂತಿತು. ಅಂದು ಬ್ಯಾಟರಿಯ ಮೇಲೆ, ಎಲ್ಲ ದೀಪ ಹಾಕಿ 4000 ಆರ್‌ಪಿಎಂನಲ್ಲಿ, 14.1 ಇತ್ತು. ಆಮೇಲೆ ಒಂದು ಮಳೆಗಾಲ ಕಳೆದಿದೆ, ಅಂಕಿ ಇಳಿದಿಲ್ಲ.

ಕಪ್ಪಾದ ಆ ಗೇಣುದ್ದದ ತಂತಿ ಶಾಲೆಯ ಸೀಮೆಸುಣ್ಣದ ಡಬ್ಬಿಯಲ್ಲಿದೆ. ವಿದ್ಯುಚ್ಛಕ್ತಿ ಪಾಠದ ದಿನ ಮಕ್ಕಳ ಕೈಗೆ ಕೊಟ್ಟು ಉಗುರಿನಿಂದ ಕೆರೆಯಲು ಹೇಳುತ್ತೇನೆ. ಇದು ಯಾರ ಬೈಕಿನದು ಎಂದು ಎಲೆಕ್ಟ್ರಿಷಿಯನ್ನರ ಮಗ ಮೊದಲ ದಿನವೇ ಇಡೀ ತರಗತಿಗೆ ಹೇಳಿಬಿಟ್ಟಿದ್ದಾನೆ. ಹೋದ ವಾರ ಎಡಗಡೆಯ ಫಾಗ್ ದೀಪದ ಗಾಜಿನೊಳಗೆ ಹನಿ ಕಟ್ಟಿದ್ದು ಕಂಡಿದೆ. ಈ ಭಾನುವಾರ ಬಿಚ್ಚಬೇಕು.